ರಾಕ್‌ಬಾಕ್ಸ್ ಹಾಕಿದ ಪ್ಲೇಯರ್‌ನಲ್ಲಿ ಸಿನಿಮಾ ಹಾಡು, ತತ್ವಪದ, ಹರಿಕಥೆ ಎಲ್ಲಾ ಜೋಡಿಸಿ ಇಟ್ಕೊಳ್ಳೋದು ಹೇಗೆ: ಪೂರ್ತಿ ಮಾರ್ಗದರ್ಶಿ

ನಮ್ಮ ಚಿಂತಾಮಣಿ, ಶಿಡ್ಲಘಟ್ಟ ಕಡೆ ಒಂದು ಮನೇಲಿ ಇರೋ ಹಾಡುಗಳನ್ನೆಲ್ಲ ಒಂದು ಮೆಮೊರಿ ಕಾರ್ಡ್‌ಗೆ ಸುರಿದ್ರೆ ಏನೇನು ಬರುತ್ತೆ ಅಂತ ನೋಡಿ. ಕನ್ನಡ ಸಿನಿಮಾ ಹಾಡು, ಅಷ್ಟೇ ತೆಲುಗು ಸಿನಿಮಾ ಹಾಡು, ಕೈವಾರ ತಾತಯ್ಯನವರ ತತ್ವಪದ, ಅದರಲ್ಲೂ ತೆಲುಗು ಕನ್ನಡ ಎರಡೂ, ದಾಸರ ಪದ, ಭಾವಗೀತೆ, ಅಪ್ಪನ ಕಾಲದ ಕ್ಯಾಸೆಟ್‌ನಿಂದ ಇಳಿಸಿದ ಹರಿಕಥೆ, ಊರ ಜಾತ್ರೇಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ ಪೌರಾಣಿಕ ನಾಟಕ. ಇದನ್ನೆಲ್ಲ ಹಾಗೇ ಪ್ಲೇಯರ್‌ಗೆ ಹಾಕಿದ್ರೆ ಅರ್ಧಕ್ಕರ್ಧ ಹಾಡು "ಅನ್‌ಟೈಟಲ್ಡ್" ಅಂತ ಕೂತಿರುತ್ತೆ, ಮಿಕ್ಕಿದ್ದು ಯಾವುದೋ ಡೌನ್‌ಲೋಡ್ ಸೈಟ್ ಹೆಸರಿನ ಕೆಳಗೆ ಸೇರಿಕೊಂಡಿರುತ್ತೆ. ತುಂಬ ಜನ ಆಗ ಪ್ಲೇಯರ್ ಸರಿ ಇಲ್ಲ ಅಂತ ಬೀರೂಲಿ ಇಟ್ಟುಬಿಡ್ತಾರೆ. ಆದ್ರೆ ಪ್ಲೇಯರ್ ತೋರಿಸೋದು ಫೈಲ್ ಒಳಗೆ ಬರೆದಿರೋದನ್ನ ಮಾತ್ರ. ಅದಕ್ಕೆ ಮುಕ್ಕಾಲು ಪಾಲು ಕೆಲಸ ಕಂಪ್ಯೂಟರ್‌ನಲ್ಲೇ, ಪ್ಲೇಯರ್‌ನಲ್ಲಿ ಮಾಡೋದು ಕೊನೇ ಕಾಲು ಭಾಗ ಅಷ್ಟೇ, ಈ ಬರಹದ ಅಳತೇನೂ ಹಾಗೇ ಇದೆ.

ಮೊದಲು ಪ್ಲೇಯರ್ ಮತ್ತೆ ಕಾರ್ಡ್

ರಾಕ್‌ಬಾಕ್ಸ್ ಅಂದ್ರೆ ಕಂಪನಿ ಕೊಟ್ಟಿರೋ ಸಾಫ್ಟ್‌ವೇರ್ ಬದಲಿಗೆ ಹಾಕ್ಕೊಳ್ಳೋ ಫರ್ಮ್‌ವೇರ್, ಪುಕ್ಕಟೆ, ಓಪನ್ ಸೋರ್ಸ್. 2001ರ ಸುಮಾರಿಗೆ ಆರ್ಕೋಸ್ ಕಂಪನಿಯ ಪ್ಲೇಯರ್‌ಗಳಿಗೋಸ್ಕರ ಶುರುವಾಗಿದ್ದು, ಇವತ್ತಿಗೂ ನಡೀತಾ ಇದೆ. ಸ್ಯಾನ್‌ಡಿಸ್ಕ್ ಸ್ಯಾನ್ಸಾ ಕ್ಲಿಪ್ ಪ್ಲಸ್, ಕ್ಲಿಪ್ ಜಿಪ್, ಹಳೇ ಐಪಾಡ್ ವಿಡಿಯೋ, ಐಪಾಡ್ ಕ್ಲಾಸಿಕ್, ಸ್ವಲ್ಪ ಹೊಸದು ಬೇಕು ಅಂದ್ರೆ ಫಿಯೋ ಎಂ3ಕೆ, ಶಾನ್‌ಲಿಂಗ್ ಕ್ಯೂ1, ಇವೆಲ್ಲದಕ್ಕೂ ಹಾಕಬಹುದು. ಒಂದು ಎಚ್ಚರಿಕೆ: ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಕ್ಲಿಪ್ ಸ್ಪೋರ್ಟ್, ಕ್ಲಿಪ್ ಜ್ಯಾಮ್ ಅನ್ನೋವು ಹೆಸರಲ್ಲಿ ಕ್ಲಿಪ್ ಇದ್ರೂ ಒಳಗಿನ ಚಿಪ್ ಬೇರೆ, ಅವಕ್ಕೆ ರಾಕ್‌ಬಾಕ್ಸ್ ಕೂರಲ್ಲ.

ನಮ್ಮ ಕಡೆ ರೇಷ್ಮೆ ಸಾಕೋರಿಗೆ ನಾನು ಕ್ಲಿಪ್ ಥರದ್ದೇ ತಗೊಳ್ಳಿ ಅಂತ ಹೇಳ್ತೀನಿ, ಹುಳದ ಮನೇಲಿ ಸೊಪ್ಪು ಹಾಕ್ತಾ ಇರೋವಾಗ ಒದ್ದೆ ಕೈಯಲ್ಲಿ ಫೋನಿನ ಸ್ಕ್ರೀನ್ ಮುಟ್ಟೋಕಾಗಲ್ಲ, ಅಂಗಿಗೆ ಸಿಗಿಸಿಕೊಂಡ ಪ್ಲೇಯರ್‌ನ ಬಟನ್ ಆದ್ರೆ ನೋಡ್ದೇನೇ ಒತ್ತಬಹುದು.

ಹಾಕೋದಕ್ಕೆ ರಾಕ್‌ಬಾಕ್ಸ್ ಯುಟಿಲಿಟಿ ಅಂತ ಕಂಪ್ಯೂಟರ್ ಪ್ರೋಗ್ರಾಂ ಇದೆ, ಅದೇ ಬೂಟ್‌ಲೋಡರ್ (ಪ್ಲೇಯರ್ ಆನ್ ಆದಾಗ ರಾಕ್‌ಬಾಕ್ಸ್ ಶುರು ಮಾಡೋ ಸಣ್ಣ ಪ್ರೋಗ್ರಾಂ), ಫರ್ಮ್‌ವೇರ್, ಫಾಂಟ್ ಎಲ್ಲಾ ಹಾಕಿಕೊಡುತ್ತೆ. ಸ್ಯಾನ್ಸಾ ಆದ್ರೆ ಮೊದಲು ಕಂಪನಿ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಮೋಡ್ ಅನ್ನ ಎಂಎಸ್‌ಸಿ ಅಂತ ಮಾಡಿ, ಪೆನ್‌ಡ್ರೈವ್ ಥರ ಕಾಣಿಸ್ಬೇಕು ಅದು. ಐಪಾಡ್ ಆದ್ರೆ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆಗಿರೋದೇ ಬೇಕು, ಮ್ಯಾಕ್ ಫಾರ್ಮ್ಯಾಟ್‌ನ ರಾಕ್‌ಬಾಕ್ಸ್ ಓದಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡ್ಕೊಂಡೇ ಕೂತ್ಕೊಳ್ಳಿ.

ಕಾರ್ಡ್ ವಿಷಯದಲ್ಲಿ ತುಂಬ ಜನ ಸಿಕ್ಕಿ ಹಾಕ್ಕೊಳ್ತಾರೆ. 64 ಜಿಬಿ ಮತ್ತೆ ಅದಕ್ಕಿಂತ ದೊಡ್ಡ ಕಾರ್ಡ್‌ಗಳು ಅಂಗಡಿಯಿಂದ ಬರೋವಾಗಲೇ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಇರ್ತವೆ, ಕ್ಲಿಪ್ ಥರದ ಪ್ಲೇಯರ್‌ನಲ್ಲಿ ರಾಕ್‌ಬಾಕ್ಸ್‌ಗೆ ಬೇಕಾಗಿರೋದು ಫ್ಯಾಟ್32. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಅಂತ ಹೋದ್ರೆ 32 ಜಿಬಿ ದಾಟಿದ ಕಾರ್ಡ್‌ಗೆ ಸಾಮಾನ್ಯವಾಗಿ ಫ್ಯಾಟ್32 ಆಯ್ಕೆನೇ ತೋರಿಸಲ್ಲ, ರೂಫಸ್ ಥರದ ಟೂಲ್ ಬಳಸಿ ಫಾರ್ಮ್ಯಾಟ್ ಮಾಡಿ.

ಹಾಡನ್ನ ನೀವು ಹುಡುಕೋದು ಹೇಗೆ?

ಟ್ಯಾಗ್ ಅಂದ್ರೆ ಫೈಲ್ ಒಳಗೆ ಬರೆದಿರೋ ಹಾಡಿನ ಹೆಸರು, ಹಾಡಿದವರು ಥರದ ವಿವರ. ಅದನ್ನ ಮುಟ್ಟೋ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು, ಯಾಕಂದ್ರೆ ಈ ಪ್ಲೇಯರ್‌ಗಳ ಲೆಕ್ಕ ಎಲ್ಲಾ ಒಬ್ಬ ಕಲಾವಿದ, ಅವನ ಆಲ್ಬಂ, ಅದರಲ್ಲಿ ಹತ್ತು ಹಾಡು ಅನ್ನೋ ಕ್ರಮದ ಮೇಲೆ ನಿಂತಿದೆ. ನಮ್ಮಲ್ಲಿ ಯಾರೂ ಹಂಗೆ ಹುಡುಕಲ್ಲ. ಸಿನಿಮಾ ಹಾಡನ್ನ ಸಿನಿಮಾ ಹೆಸರಿಂದ ಹುಡುಕ್ತೀವಿ, ಆಮೇಲೆ ಸಂಗೀತ ನಿರ್ದೇಶಕರ ಹೆಸರಿಂದ, ಆಮೇಲೆ ಹಾಡಿದವರ ಹೆಸರಿಂದ. ಭಾವಗೀತೆ ಅಂದ್ರೆ ಕವಿ ಹೆಸರು ಮೊದಲು ನೆನಪಾಗುತ್ತೆ. ದಾಸರ ಪದ ಅಂದ್ರೆ ಯಾವ ದಾಸರದ್ದು ಅನ್ನೋದು ಮುಖ್ಯ. ಅದಕ್ಕೆ ಟ್ಯಾಗ್‌ನ ಒಂದೊಂದು ಖಾನೆಗೂ ನಮ್ಮದೇ ಅರ್ಥ ಕೊಟ್ಕೋಬೇಕು, ಕೊಟ್ಟ ಮೇಲೆ ಎಲ್ಲಾ ಫೈಲ್‌ಗೂ ಅದನ್ನೇ ಪಾಲಿಸ್ಬೇಕು.

ನಾನು ಬಳಸೋದು ಹೀಗೆ:

- ಆಲ್ಬಂ: ಸಿನಿಮಾ ಹೆಸರು, ಪಕ್ಕದಲ್ಲಿ ಬಿಡುಗಡೆಯಾದ ವರ್ಷ
- ಆಲ್ಬಂ ಆರ್ಟಿಸ್ಟ್: ಸಂಗೀತ ನಿರ್ದೇಶಕರು
- ಆರ್ಟಿಸ್ಟ್: ಹಾಡಿದವರು, ಎಲ್ಲರ ಹೆಸರೂ
- ಕಂಪೋಸರ್: ಸಾಹಿತ್ಯ ಬರೆದವರು, ಅಂದ್ರೆ ಗೀತರಚನಕಾರರು, ಕವಿ, ದಾಸರು, ತಾತಯ್ಯನವರು
- ಜಾನ್ರ್: ಭಾಷೆ ಮತ್ತೆ ಬಗೆ ಸೇರಿಸಿ, ಕನ್ನಡ ಸಿನಿಮಾ, ತೆಲುಗು ಸಿನಿಮಾ, ತತ್ವಪದ ತೆಲುಗು, ತತ್ವಪದ ಕನ್ನಡ, ಭಾವಗೀತೆ ಹಿಂಗೆ
- ಕಾಮೆಂಟ್: ಎಲ್ಲಿಂದ ಬಂತು, ಕ್ಯಾಸೆಟ್ಟಾ ಸಿಡಿನಾ, ಯಾರು ಎಲ್ಲಿ ರೆಕಾರ್ಡ್ ಮಾಡಿದ್ದು

ಕಂಪೋಸರ್ ಖಾನೇಲಿ ಸಾಹಿತ್ಯ ಬರೆದವರನ್ನ ಹಾಕೋದು ತಪ್ಪಲ್ವಾ ಅಂತ ಕೇಳಬಹುದು. ಪದದ ಅರ್ಥ ನೋಡಿದ್ರೆ ಸಂಗೀತ ನಿರ್ದೇಶಕರೇ ಅಲ್ಲಿ ಬರಬೇಕು. ಆದ್ರೆ ಆಲ್ಬಂ ಆರ್ಟಿಸ್ಟ್ ಜಾಗ ಅವರಿಗೆ ಕೊಟ್ಟಾಗಿದೆ, ಒಂದು ಸಿನಿಮಾ ಹಾಡೆಲ್ಲ ಒಟ್ಟಿಗೆ ಇರ್ಬೇಕು ಅಂದ್ರೆ ಆ ಖಾನೆ ಎಲ್ಲಾ ಹಾಡಲ್ಲೂ ಒಂದೇ ಇರ್ಬೇಕು, ಅದಕ್ಕೆ ಸಂಗೀತ ನಿರ್ದೇಶಕರಷ್ಟು ಚೆನ್ನಾಗಿ ಹೊಂದೋದು ಬೇರೆ ಯಾವುದೂ ಇಲ್ಲ. ಗೀತರಚನಕಾರರಿಗೆ ಅಂತ ಬೇರೆ ಖಾನೆ ಇದ್ರೂ ರಾಕ್‌ಬಾಕ್ಸ್ ಡೇಟಾಬೇಸ್, ಅಂದ್ರೆ ಟ್ಯಾಗ್ ನೋಡಿ ಹಾಡುಗಳ ಪಟ್ಟಿ ಮಾಡೋ ಭಾಗ, ಅದನ್ನ ತೋರಿಸಲ್ಲ, ಕಂಪೋಸರ್ ತೋರಿಸುತ್ತೆ. ಹಂಸಲೇಖ ಅವರ ಥರ ಸಾಹಿತ್ಯ ಸಂಗೀತ ಎರಡೂ ಒಬ್ಬರದ್ದೇ ಆದಾಗ ಎರಡೂ ಖಾನೇಲಿ ಅವರ ಹೆಸರೇ ಬರುತ್ತೆ, ತೊಂದ್ರೆ ಇಲ್ಲ.

ಇದರ ಲಾಭ ದಾಸರ ಪದದಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಮುಳಬಾಗಿಲಿನ ಶ್ರೀಪಾದರಾಜರ ರಂಗವಿಠಲ ಅಂಕಿತದ ಪದಗಳನ್ನ ಬೇರೆ ಬೇರೆ ಜನ ಬೇರೆ ಬೇರೆ ಸಿಡೀಲಿ ಹಾಡಿರ್ತಾರೆ. ಕಂಪೋಸರ್ ಅಂತ ಹೋಗಿ ಶ್ರೀಪಾದರಾಜ ಅಂತ ಒತ್ತಿದ್ರೆ ಎಲ್ಲಾ ಒಂದೇ ಕಡೆ ಸಿಗುತ್ತೆ.

ವರ್ಷ ಯಾಕೆ ಆಲ್ಬಂ ಹೆಸರಿಗೆ ಅಂಟಿಸ್ಬೇಕು ಅಂದ್ರೆ, ಅದೇ ಹೆಸರಿನ ಸಿನಿಮಾ ಎರಡು ಮೂರು ಸಲ ಬಂದಿರುತ್ತೆ. ಡಬ್ ಆಗಿರೋ ಸಿನಿಮಾ ಆದ್ರೆ ಕನ್ನಡದಲ್ಲೂ ತೆಲುಗಲ್ಲೂ ಹೆಸರು, ವರ್ಷ, ಸಂಗೀತ ನಿರ್ದೇಶಕರು ಎಲ್ಲಾ ಎಷ್ಟೋ ಸಲ ಒಂದೇ. ಎರಡೂ ಭಾಷೆ ಕೇಳೋ ನಮ್ಮಂಥ ಮನೆಗಳಲ್ಲಿ ಅವು ಕಲಸಿ ಹೋಗಿ ಒಂದು ಕನ್ನಡ ಹಾಡಿನ ಹಿಂದೇನೇ ಅದೇ ಧಾಟಿಯ ತೆಲುಗು ಹಾಡು ಬರುತ್ತೆ, ಅಂಥವಕ್ಕೆ ಆಲ್ಬಂ ಹೆಸರಿನ ಕೊನೇಲಿ ಭಾಷೆನೂ ಸೇರಿಸಿ.

ಕನ್ನಡ ಲಿಪಿ, ಸ್ಪೆಲ್ಲಿಂಗ್

ಟ್ಯಾಗ್ ಕನ್ನಡದಲ್ಲೇ ಬರೀಬೇಕು ಅನ್ನೋ ಆಸೆ ನನಗೂ ಇದೆ. ರಾಕ್‌ಬಾಕ್ಸ್ ಯೂನಿಕೋಡ್ ಓದುತ್ತೆ, ಆದ್ರೆ ಅದರ ಫಾಂಟ್‌ಗಳು ಬಿಟ್‌ಮ್ಯಾಪ್, ಒಂದೊಂದು ಅಕ್ಷರಾನೂ ಸಾಲಾಗಿ ಇಡ್ತಾ ಹೋಗುತ್ತೆ, ನಮ್ಮ ಭಾಷೆಗೆ ಬೇಕಾದ ಹಾಗೆ ಕೂಡಿಸಲ್ಲ. ಕನ್ನಡ ಅಕ್ಷರ ಇರೋ ಫಾಂಟ್ ಹಾಕಿದ್ರೂ ಒತ್ತು ಕೆಳಗೆ ಹೋಗಲ್ಲ, ಗುಣಿತ ಬಿಡಿಬಿಡಿಯಾಗಿ ಪಕ್ಕಕ್ಕೆ ನಿಲ್ಲುತ್ತೆ, ಓದೋಕೆ ಕಷ್ಟ. ಹಾಗಾಗಿ ಪ್ಲೇಯರ್‌ಗೆ ಹೋಗೋ ಕಾಪಿಗೆ ಇಂಗ್ಲಿಷ್ ಅಕ್ಷರದಲ್ಲೇ ಟ್ಯಾಗ್ ಬರೀರಿ. ಕಂಪ್ಯೂಟರ್‌ನಲ್ಲಿರೋ ಮೂಲ ಸಂಗ್ರಹದಲ್ಲಿ ಕನ್ನಡ ಟ್ಯಾಗ್ ಇದ್ರೆ ಅದನ್ನ ಅಳಿಸಬೇಡಿ, ಆ ಕಾಪಿ ಬೇರೆ, ಇದು ಬೇರೆ.

ಇಂಗ್ಲಿಷ್ ಅಕ್ಷರ ಅಂದ ತಕ್ಷಣ ಸ್ಪೆಲ್ಲಿಂಗ್ ಸಮಸ್ಯೆ ಶುರು. ರಾಜನ್-ನಾಗೇಂದ್ರ ಅಂತ ಒಬ್ಬರು ನಡುವೆ ಗೆರೆ ಹಾಕಿರ್ತಾರೆ, ಇನ್ನೊಬ್ಬರು ಕಾಮಾ, ಮತ್ತೊಬ್ಬರು ಮಧ್ಯೆ ಆ್ಯಂಡ್ ಚಿಹ್ನೆ, ಪ್ಲೇಯರ್‌ಗೆ ಅವು ಮೂರು ಬೇರೆ ಬೇರೆ ಹೆಸರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರಂತೂ ಚುಕ್ಕೆ ಇರೋದು, ಚುಕ್ಕೆ ಇಲ್ಲದ್ದು, ಬರೀ ಎಸ್‌ಪಿಬಿ, ಹ ಇರೋದು, ಹ ಬಿಟ್ಟಿರೋದು ಅಂತ ಎಷ್ಟು ಬಗೆ ಬೇಕಾದ್ರೂ ಸಿಗುತ್ತೆ. ಒಂದು ನೋಟ್‌ಬುಕ್ಕಲ್ಲೋ ಎಕ್ಸೆಲ್‌ನಲ್ಲೋ ಒಂದು ಪಟ್ಟಿ ಮಾಡ್ಕೊಳ್ಳಿ: ಈ ಹೆಸರಿಗೆ ಇದೇ ಸ್ಪೆಲ್ಲಿಂಗ್. ಇನಿಷಿಯಲ್‌ಗೆ ಚುಕ್ಕೆ ಬೇಡ, ಬರೀ ಜಾಗ ಬಿಡಿ. ತ ಅಕ್ಷರಕ್ಕೆ ಟಿ ಎಚ್ ಹಾಕ್ತೀರಾ ಬರೀ ಟಿ ನಾ, ದೀರ್ಘಕ್ಕೆ ಎರಡು ಎ ಹಾಕ್ತೀರಾ ಒಂದಾ, ಇದನ್ನ ಮೊದಲೇ ತೀರ್ಮಾನ ಮಾಡಿ. ನಮ್ಮ ಕಡೆ ಜನ ಮೆಸೇಜ್ ಹಾಕೋವಾಗ ಬರೆಯೋ ಥರಾನೇ ಇಟ್ಕೊಳ್ಳೋದು ಒಳ್ಳೇದು, ತ ಗೆ ಟಿ ಎಚ್, ದೀರ್ಘಕ್ಕೆ ಒಂದೇ ಅಕ್ಷರ, ಮನೇಲಿ ಬೇರೆಯವರು ಹುಡುಕಿದ್ರೂ ಸಿಗುತ್ತೆ.

ಟ್ಯಾಗ್ ತೊಳೆಯೋ ಕೆಲಸ

ಟ್ಯಾಗ್ ತಿದ್ದೋ ಪ್ರೋಗ್ರಾಂ ಅಂದ್ರೆ ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್‌ನಲ್ಲಿ ಕಿಡ್3 ಅಥವಾ ಪಡಲ್‌ಟ್ಯಾಗ್. ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್ ಅನ್ನೋದು ಹಾಡನ್ನ ತಾನೇ ಗುರುತಿಸಿ ಟ್ಯಾಗ್ ತುಂಬುತ್ತೆ, ಹೊರದೇಶದ ಆಲ್ಬಂಗಳಿಗೆ ತುಂಬ ಚೆನ್ನಾಗಿದೆ, ನಮ್ಮ ಹಳೇ ಕನ್ನಡ ಹಾಡಿಗೆ ಅದನ್ನ ನಂಬಿ ಕೂರೋಕಾಗಲ್ಲ, ಕೈಯಲ್ಲೇ ಮಾಡ್ಬೇಕು. ಇಲ್ಲಿ ಎಂಪಿ3ಟ್ಯಾಗ್ ಲೆಕ್ಕದಲ್ಲಿ ಹೇಳ್ತೀನಿ.

ಶುರು ಮಾಡೋ ಮುಂಚೆ ಇಡೀ ಸಂಗ್ರಹದ ಒಂದು ಕಾಪಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಆಮೇಲೆ ಒಂದು ಸಿನಿಮಾ ಫೋಲ್ಡರ್ ತೆರೆದು ಎಲ್ಲಾ ಫೈಲ್ ಸೆಲೆಕ್ಟ್ ಮಾಡಿ. ಎಡಗಡೆ ಖಾನೆಗಳಲ್ಲಿ ಒಂದೊಂದು ಫೈಲ್‌ಗೂ ಬೇರೆ ಬೇರೆ ಇರೋ ಕಡೆ "ಕೀಪ್" ಅಂತ ಕಾಣುತ್ತೆ, ಅದನ್ನ ಹಾಗೇ ಬಿಟ್ರೆ ಇದ್ದದ್ದು ಇದ್ದ ಹಾಗೇ ಉಳಿಯುತ್ತೆ. ಆಲ್ಬಂ, ಆಲ್ಬಂ ಆರ್ಟಿಸ್ಟ್, ವರ್ಷ, ಜಾನ್ರ್ ನಾಲ್ಕನ್ನೂ ಒಂದೇ ಸಲಕ್ಕೆ ತುಂಬಿ ಸೇವ್ ಮಾಡಿ. ವರ್ಷದ ಖಾನೇನ ಕಣ್ಣಿಟ್ಟು ನೋಡಿ, ಡೌನ್‌ಲೋಡ್ ಮಾಡಿದ ಫೈಲಲ್ಲಿ ಸಿನಿಮಾ ಬಂದ ವರ್ಷದ ಬದಲು ಯಾರೋ ಅಪ್‌ಲೋಡ್ ಮಾಡಿದ ವರ್ಷ ಇರುತ್ತೆ.

ಟೈಟಲ್ ಖಾಲಿ ಇದ್ದು ಫೈಲ್ ಹೆಸರು ಸರಿ ಇದ್ರೆ ಕನ್ವರ್ಟ್ ಮೆನುವಿನಲ್ಲಿ ಫೈಲ್ ಹೆಸರಿಂದ ಟ್ಯಾಗ್ ಮಾಡೋ ಆಯ್ಕೆ ಇದೆ, ಹೆಸರಿನ ಮಾದರಿ ಕೊಟ್ರೆ ನಂಬರ್ ಬೇರೆ ಟೈಟಲ್ ಬೇರೆ ಮಾಡಿ ತುಂಬುತ್ತೆ. ಟೈಟಲ್ ಹಿಂದೆ ಸೈಟ್ ಹೆಸರು ಅಂಟಿಕೊಂಡಿದ್ರೆ ಆ್ಯಕ್ಷನ್ಸ್‌ನಲ್ಲಿ ರಿಪ್ಲೇಸ್ ಅಂತ ಒಂದು ಆ್ಯಕ್ಷನ್ ಮಾಡಿಟ್ಕೊಳ್ಳಿ, ಆ ಪದ ಹುಡುಕು, ಬದಲಿಗೆ ಏನೂ ಹಾಕಬೇಡ. ಒಂದು ಸಲ ಮಾಡಿಟ್ರೆ ಸಾವಿರ ಫೈಲ್ ಮೇಲೂ ಓಡಿಸಬಹುದು. ಟ್ರ್ಯಾಕ್ ನಂಬರ್‌ಗೆ ಆಟೋ ನಂಬರಿಂಗ್ ಇದೆ, ಮುಂದೆ ಸೊನ್ನೆ ಹಾಕೋ ಆಯ್ಕೆ ಟಿಕ್ ಮಾಡಿ, 01, 02 ಅಂತ ಬರಲಿ.

ಟೈಟಲ್ ಅರ್ಧಕ್ಕೇ ತುಂಡಾಗಿ ಕಾಣ್ತಿದೆ ಅಂದ್ರೆ ಆ ಫೈಲಲ್ಲಿ ಹಳೇ ಐಡಿ3 ಮೊದಲ ಆವೃತ್ತಿ ಟ್ಯಾಗ್ ಮಾತ್ರ ಇದೆ ಅಂತ, ಅದರಲ್ಲಿ 30 ಅಕ್ಷರಕ್ಕಿಂತ ಜಾಸ್ತಿ ಹಿಡಿಯಲ್ಲ. ಪೂರ್ತಿ ಟೈಟಲ್ ಟೈಪ್ ಮಾಡಿ ಐಡಿ3 ಎರಡನೇ ಆವೃತ್ತಿ ಟ್ಯಾಗ್ ಆಗಿ ಸೇವ್ ಮಾಡಿ.

ಜೋಡಿ ಹಾಡುಗಳ ವಿಷಯ ಸ್ವಲ್ಪ ಯೋಚನೆ ಮಾಡ್ಬೇಕು. ಆರ್ಟಿಸ್ಟ್ ಖಾನೇಲಿ ಎಸ್‌ಪಿಬಿ, ಎಸ್ ಜಾನಕಿ ಅಂತ ಇಬ್ಬರ ಹೆಸರು ಇದ್ರೆ ರಾಕ್‌ಬಾಕ್ಸ್ ಅದನ್ನ ಬಿಡಿಸಲ್ಲ, ಎರಡೂ ಸೇರಿ ಒಂದೇ ಹೆಸರು ಅಂತ ತಗೊಳ್ಳುತ್ತೆ. ಅದಕ್ಕೆ ಕೆಲವರು ಮೊದಲ ಗಾಯಕರ ಹೆಸರು ಮಾತ್ರ ಇಟ್ಟು ಮಿಕ್ಕಿದ್ದು ಅಳಿಸಿಬಿಡ್ತಾರೆ. ಹಾಗೆ ಮಾಡಬೇಡಿ, ಹಾಡಿದವರ ಹೆಸರು ಅಳಿಸೋದು ಸರಿಯಲ್ಲ, ಅದರ ಅಗತ್ಯಾನೂ ಇಲ್ಲ. ಡೇಟಾಬೇಸ್‌ನಲ್ಲಿ ಸರ್ಚ್ ಅಂತ ಇದೆ, ಅಲ್ಲಿ ಜಾನಕಿ ಅಂತ ಹೊಡೆದ್ರೆ ಆ ಹೆಸರು ಎಲ್ಲೇ ಬಂದಿದ್ರೂ ಸಿಗುತ್ತೆ. ಇದಕ್ಕಿಂತ ಸುಲಭದ್ದು ಒಂದು ಮುಂದೆ ಹೇಳ್ತೀನಿ.

ಫೋಲ್ಡರ್

ರಾಕ್‌ಬಾಕ್ಸ್‌ನ ದೊಡ್ಡ ಸುಖ ಅಂದ್ರೆ ಫೋಲ್ಡರ್ ನೋಡೋ ದಾರಿನೂ ಇದೆ, ಡೇಟಾಬೇಸ್ ದಾರಿನೂ ಇದೆ. ಕಾರ್ಡ್‌ನಲ್ಲಿ ಮೇಲಿನ ಹಂತದಲ್ಲಿ ನಾಲ್ಕೋ ಐದೋ ಫೋಲ್ಡರ್ ಸಾಕು: ಕನ್ನಡ ಸಿನಿಮಾ, ತೆಲುಗು ಸಿನಿಮಾ, ಭಕ್ತಿ, ಭಾವಗೀತೆ, ಉದ್ದದ್ದು. ಅದರ ಕೆಳಗೆ ಆಲ್ಬಂಗೊಂದು ಫೋಲ್ಡರ್. ಆಳ ಜಾಸ್ತಿ ಮಾಡಬೇಡಿ, ಸಣ್ಣ ಸ್ಕ್ರೀನಲ್ಲಿ ಒಳಗೆ ಒಳಗೆ ಹೋಗಿ ವಾಪಸ್ ಬರೋದೇ ಬೇಜಾರು. ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಇವೆಲ್ಲ ಫ್ಯಾಟ್32 ಒಪ್ಪಲ್ಲ, ಲಿನಕ್ಸ್‌ನಿಂದ ಕಾಪಿ ಮಾಡೋರಿಗೆ ಇದು ಅಡ್ಡ ಬರುತ್ತೆ.

ಐಪಾಡ್‌ನಲ್ಲಿ ಮುಂಚೆ ಐಟ್ಯೂನ್ಸ್‌ನಿಂದ ತುಂಬಿದ ಹಾಡು ಇದ್ರೆ ಅವು ಅಡಗಿರೋ ಫೋಲ್ಡರ್‌ಗಳಲ್ಲಿ ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರಲ್ಲಿ ಇರ್ತವೆ. ಟ್ಯಾಗ್ ಸರಿ ಇದ್ರೆ ಡೇಟಾಬೇಸ್‌ನಲ್ಲಿ ಸರಿಯಾಗಿ ಕಾಣುತ್ತೆ, ಆದ್ರೆ ಅವನ್ನ ಕಂಪ್ಯೂಟರ್‌ಗೆ ತಂದು ಹೆಸರಿಟ್ಟು ವಾಪಸ್ ಹಾಕೋದೇ ಒಳ್ಳೇದು.

ಹರಿಕಥೆ, ನಾಟಕ, ಕ್ಯಾಸೆಟ್

ಗುಬ್ಬಿ ಕಂಪನಿ ಹುಟ್ಟಿದ ತುಮಕೂರು ಸೀಮೆಯಿಂದ ನಮ್ಮ ಕಡೆವರೆಗೂ ಪೌರಾಣಿಕ ನಾಟಕ ರಾತ್ರಿ ಇಡೀ ನಡೆಯುತ್ತೆ, ಅದರ ರೆಕಾರ್ಡಿಂಗ್ ಕೂಡ ಹಾಗೇ ಉದ್ದ. ಇಂಥವನ್ನ ಸಿನಿಮಾ ಹಾಡಿನ ಜೊತೆ ಡೇಟಾಬೇಸ್‌ಗೆ ಬಿಡಬಾರದು, ಷಫಲ್ ಹಾಕ್ದಾಗ ಮಧ್ಯೆ ಎರಡು ಗಂಟೆ ಹರಿಕಥೆ ಬಂದು ಕೂರುತ್ತೆ. ಅದಕ್ಕೇ ಉದ್ದದ್ದಕ್ಕೆ ಬೇರೆ ಫೋಲ್ಡರ್. ಆ ಫೋಲ್ಡರ್ ಒಳಗೆ "ಡೇಟಾಬೇಸ್ ಡಾಟ್ ಇಗ್ನೋರ್" (database.ignore) ಅನ್ನೋ ಹೆಸರಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದು ಖಾಲಿ ಫೈಲ್ ಇಡಿ. ವಿಂಡೋಸ್ ಹಿಂದೆ ಟಿಎಕ್ಸ್‌ಟಿ ಅಂತ ಸೇರಿಸಿದ್ರೆ ಅದು ಕೆಲಸ ಮಾಡಲ್ಲ, ಫೈಲ್ ಎಕ್ಸ್‌ಟೆನ್ಷನ್ ಕಾಣೋ ಹಾಗೆ ಮಾಡ್ಕೊಂಡು ತೆಗೀರಿ. ಅಷ್ಟಾದ್ರೆ ಆ ಫೋಲ್ಡರ್ ಮತ್ತೆ ಅದರೊಳಗಿನ ಎಲ್ಲಾ ಫೋಲ್ಡರ್‌ನ ಡೇಟಾಬೇಸ್ ಬಿಟ್ಟುಬಿಡುತ್ತೆ, ಫೈಲ್ಸ್ ಅಂತ ಹೋದ್ರೆ ಮಾತ್ರ ಸಿಗುತ್ತೆ.

ಮಾತು ಜಾಸ್ತಿ ಇರೋ ರೆಕಾರ್ಡಿಂಗ್‌ಗೆ ಮೊನೊ 64 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ ಆಗುತ್ತೆ, ಅದೇ 320ರಲ್ಲಿ ಇಟ್ರೆ 144 ಎಂಬಿ. ಕ್ಯಾಸೆಟ್‌ನಿಂದ ಇಳಿಸಿದ ಮೂಲ ವೇವ್ ಅಥವಾ ಫ್ಲ್ಯಾಕ್ ಫೈಲ್ ಮಾತ್ರ ಕಂಪ್ಯೂಟರ್‌ನಲ್ಲಿ ಜೋಪಾನ, ಕ್ಯಾಸೆಟ್ ಮತ್ತೆ ಓಡುತ್ತೋ ಇಲ್ವೋ. ಕ್ಯಾಸೆಟ್‌ನ ಎ ಸೈಡ್ ಬಿ ಸೈಡನ್ನ ಡಿಸ್ಕ್ ನಂಬರ್ 1, 2 ಅಂತ ಹಾಕಿ, ಕ್ರಮ ತಪ್ಪಲ್ಲ. ಕವರ್ ಮೇಲೆ ಕೈಬರಹದಲ್ಲಿ ಇರೋದನ್ನೆಲ್ಲ, ಊರು, ಹಬ್ಬ, ಹಾರ್ಮೋನಿಯಂ ಯಾರದ್ದು, ಕಾಮೆಂಟ್‌ಗೆ ಏರಿಸಿ. ಆ ಕವರ್ ಕಳೆದುಹೋದ್ರೆ ಆ ವಿಷಯ ಬೇರೆ ಎಲ್ಲೂ ಸಿಗಲ್ಲ.

ಒಂದು ಸೈಡಲ್ಲಿ ಆರೇಳು ತತ್ವಪದ ಸಾಲಾಗಿ ಇದ್ದು, ಮಧ್ಯೆ ಭಜನೆ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹೋಗ್ತಿದ್ರೆ ಕತ್ತರಿಸಬೇಡಿ. ಕ್ಯೂಶೀಟ್ ಅಂತ ಒಂದು ಪಠ್ಯ ಫೈಲ್ ಮಾಡಬಹುದು, ಯಾವ ಪದ ಎಷ್ಟನೇ ನಿಮಿಷಕ್ಕೆ ಶುರು ಅಂತ ಅದರಲ್ಲಿ ಬರೆಯೋದು. ಆಡಾಸಿಟಿ ಅನ್ನೋ ಧ್ವನಿ ಎಡಿಟ್ ಮಾಡೋ ಪ್ರೋಗ್ರಾಂನಲ್ಲಿ ಕೇಳ್ತಾ ಲೇಬಲ್ ಹಾಕ್ಕೊಂಡ್ರೆ ಸಮಯ ಗೊತ್ತಾಗುತ್ತೆ. ಹಾಡಿನ ಫೈಲ್ ಹೆಸರೇ ಕ್ಯೂ ಫೈಲ್‌ಗೂ ಇಟ್ಟು ಪಕ್ಕದಲ್ಲಿ ಹಾಕಿ, ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಕ್ಯೂಶೀಟ್ ಸಪೋರ್ಟ್ ಆನ್ ಮಾಡಿ. ಆಮೇಲೆ ನೆಕ್ಸ್ಟ್ ಒತ್ತಿದ್ರೆ ಮುಂದಿನ ಪದಕ್ಕೆ ಹೋಗುತ್ತೆ, ಫೈಲ್ ಮಾತ್ರ ಒಂದೇ, ಭಜನೆ ತುಂಡಾಗಲ್ಲ.

ಹರಿಕಥೆ ಅರ್ಧಕ್ಕೆ ನಿಲ್ಲಿಸಿ ನಾಳೆ ಅಲ್ಲಿಂದಲೇ ಕೇಳೋಕೆ ಜನರಲ್ ಸೆಟ್ಟಿಂಗ್ಸ್‌ನ ಬುಕ್‌ಮಾರ್ಕಿಂಗ್‌ಗೆ ಹೋಗಿ ನಿಲ್ಲಿಸಿದಾಗ ಬುಕ್‌ಮಾರ್ಕ್ ಮಾಡು ಅನ್ನೋದಕ್ಕೆ "ಆಸ್ಕ್" ಕೊಡಿ. ಯೆಸ್ ಕೊಟ್ರೆ ಸಿನಿಮಾ ಹಾಡು ನಿಲ್ಲಿಸಿದಾಗಲೂ ಬುಕ್‌ಮಾರ್ಕ್ ಬೀಳುತ್ತೆ. ಕಣ್ಣು ಮಂಜಾಗಿರೋ ಹಿರಿಯರು ಬಳಸೋದಾದ್ರೆ ರಾಕ್‌ಬಾಕ್ಸ್ ಯುಟಿಲಿಟಿಯಿಂದ ಫೋಲ್ಡರ್ ಹೆಸರಿಗೆಲ್ಲ ಧ್ವನಿ ಫೈಲ್ ಮಾಡಿಸಿ ಹಾಕಬಹುದು, ಮೆನುನೂ ಹೆಸರೂ ಪ್ಲೇಯರ್ರೇ ಓದಿ ಹೇಳುತ್ತೆ.

ಡೇಟಾಬೇಸ್ ಕಟ್ಟೋದು

ಹಾಡೆಲ್ಲ ಕಾಪಿ ಆದ್ಮೇಲೆ ಸೇಫ್ ಆಗಿ ಇಜೆಕ್ಟ್ ಮಾಡಿ, ಇದನ್ನ ಮಾತ್ರ ಅವಸರ ಮಾಡಬೇಡಿ, ಫ್ಯಾಟ್32 ಕಾರ್ಡನ್ನ ಹಂಗೇ ಕಿತ್ರೆ ಫೈಲ್ ಕೆಡುತ್ತೆ. ಆಮೇಲೆ ಸೆಟ್ಟಿಂಗ್ಸ್, ಜನರಲ್ ಸೆಟ್ಟಿಂಗ್ಸ್, ಡೇಟಾಬೇಸ್. ಮೊದಲ ಸಲ ಇನಿಷಿಯಲೈಸ್ ನೌ. ಸಾವಿರಾರು ಹಾಡಿದ್ರೆ ಸಣ್ಣ ಪ್ಲೇಯರ್ ಸಾಕಷ್ಟು ಹೊತ್ತು ತಗೊಳ್ಳುತ್ತೆ, ಚಾರ್ಜ್ ಇರಲಿ, ಮುಗಿದ ಮೇಲೆ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಅಲ್ಲೇ ಗ್ಯಾದರ್ ರನ್‌ಟೈಮ್ ಡೇಟಾ ಅಂತ ಇದೆ, ಅದನ್ನ ಆನ್ ಮಾಡಿದ್ರೆ ಎಷ್ಟು ಸಲ ಕೇಳಿದ್ರಿ, ಯಾವುದನ್ನ ಇನ್ನೂ ಕೇಳೇ ಇಲ್ಲ ಅನ್ನೋ ಲೆಕ್ಕ ಇಡುತ್ತೆ. ಯಾವತ್ತೋ ತುಂಬಿ ಮರೆತ ಹಾಡುಗಳು ಆ ಕೇಳದೇ ಇರೋ ಪಟ್ಟೀಲಿ ಸಿಗ್ತವೆ, ನನಗೆ ತುಂಬ ಇಷ್ಟದ ಸೌಲಭ್ಯ ಇದು.

ಹೊಸ ಹಾಡು ಹಾಕಿದಾಗ ಅಪ್‌ಡೇಟ್ ನೌ ಒತ್ತಿ, ಮತ್ತೆ ಇನಿಷಿಯಲೈಸ್ ಮಾಡಿದ್ರೆ ಆ ಲೆಕ್ಕ, ರೇಟಿಂಗ್ ಎಲ್ಲಾ ಹೋಗುತ್ತೆ. ಹಳೇ ಫೈಲ್‌ಗಳ ಟ್ಯಾಗ್ ತುಂಬ ಬದಲಾಯಿಸಿ ಇನಿಷಿಯಲೈಸ್ ಮಾಡಲೇಬೇಕು ಅಂದ್ರೆ ಮೊದಲು ಎಕ್ಸ್‌ಪೋರ್ಟ್ ಮಾಡಿಫಿಕೇಷನ್ಸ್, ಆಮೇಲೆ ಇಂಪೋರ್ಟ್.

ಈಗ ಮೇಲೆ ಹೇಳಿದ ಸುಲಭದ ದಾರಿ. ಕಾರ್ಡ್‌ನಲ್ಲೋ ಪ್ಲೇಯರ್‌ನಲ್ಲೋ ಮುಂದೆ ಚುಕ್ಕೆ ಇರೋ ರಾಕ್‌ಬಾಕ್ಸ್ ಫೋಲ್ಡರ್ ಒಳಗೆ ಟ್ಯಾಗ್‌ನ್ಯಾವಿ (tagnavi.config) ಅನ್ನೋ ಕಾನ್ಫಿಗ್ ಫೈಲ್ ಇದೆ, ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೆ. ಡೇಟಾಬೇಸ್ ಮೆನುವಿನ ಒಂದೊಂದು ಸಾಲೂ ಅಲ್ಲಿ ಬರೆದಿರೋದೇ: ಮೊದಲು ಕೋಟ್ ಒಳಗೆ ಮೆನು ಹೆಸರು, ಆಮೇಲೆ ಬಾಣದ ಗುರುತು ಹಾಕಿ ಯಾವ ಖಾನೆ, ಅದರಾಚೆ ಯಾವ ಖಾನೆ ಅಂತ, ಬೇಕಾದ್ರೆ ಖಾನೆ ಆದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಷರತ್ತು. ಷರತ್ತಿನಲ್ಲಿ ~ ಚಿಹ್ನೆ ಇದ್ರೆ "ಈ ಪದ ಒಳಗೆಲ್ಲೋ ಇರಲಿ" ಅಂತ ಅರ್ಥ. ಇರೋ ಸಾಲನ್ನೇ ಕಾಪಿ ಮಾಡಿ ತಿದ್ದಿದ್ರೆ ಸಾಕು, ಆರ್ಟಿಸ್ಟ್ ಖಾನೇಲಿ ಜಾನಕಿ ಇರೋ ಹಾಡೆಲ್ಲ ಒಂದು ಮೆನು, ಜಾನ್ರ್‌ನಲ್ಲಿ ತತ್ವಪದ ಇರೋದೆಲ್ಲ ಒಂದು ಮೆನು, ಸಂಗೀತ ನಿರ್ದೇಶಕರು ಅಂತ ಆಲ್ಬಂ ಆರ್ಟಿಸ್ಟ್ ಮೆನುವಿಗೆ ಹೊಸ ಹೆಸರು. ಜೋಡಿ ಹಾಡು, ಒಂಟಿ ಹಾಡು ಎಲ್ಲಾ ಒಂದೇ ಕಡೆ ಬರುತ್ತೆ. ಮೆನು ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ತಿದ್ದಿದ ಫೈಲ್‌ನ ಒಂದು ಕಾಪಿ ಕಂಪ್ಯೂಟರ್‌ನಲ್ಲೂ ಇರಲಿ, ರಾಕ್‌ಬಾಕ್ಸ್ ಅಪ್‌ಡೇಟ್ ಮಾಡಿದಾಗ ಮೂಲ ಫೈಲ್ ಮೇಲೆ ಬಂದು ಕೂತ್ಕೊಳ್ಳುತ್ತೆ.

ಉಳಿದ ಎರಡು

ಕವರ್ ಚಿತ್ರ ಬೇಕಂದ್ರೆ ಆಲ್ಬಂ ಫೋಲ್ಡರ್‌ನಲ್ಲಿ ಕವರ್ ಅನ್ನೋ ಹೆಸರಲ್ಲಿ ಜೆಪಿಜಿ ಇಡಿ. ಇಟ್ರೂ ಕಾಣ್ತಿಲ್ಲ ಅಂದ್ರೆ ಬಹುಪಾಲು ಅದು ಪ್ರೋಗ್ರೆಸಿವ್ ಜೆಪೆಗ್ ಆಗಿರುತ್ತೆ, ರಾಕ್‌ಬಾಕ್ಸ್ ಅದನ್ನ ಓದಲ್ಲ, ಯಾವುದಾದ್ರೂ ಫೋಟೋ ಎಡಿಟರ್‌ನಲ್ಲಿ ಸಾಧಾರಣ ಬೇಸ್‌ಲೈನ್ ಜೆಪೆಗ್ ಆಗಿ ಸಣ್ಣದು ಮಾಡಿ ಸೇವ್ ಮಾಡಿ.

ಕ್ಯಾಸೆಟ್‌ನಿಂದ ಇಳಿಸಿದ್ದು ಮೆತ್ತಗೆ, ಹೊಸ ಸಿನಿಮಾ ಹಾಡು ಜೋರು, ಒಂದರ ಹಿಂದೆ ಒಂದು ಬಂದ್ರೆ ಕಿವಿಗೆ ಹೊಡೆಯುತ್ತೆ. ಫೂಬಾರ್2000 ಅಥವಾ ಆರ್‌ಎಸ್‌ಗೇನ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಂನಿಂದ ರೀಪ್ಲೇಗೇನ್ ಟ್ಯಾಗ್ ಹಾಕಿ, ಹಾಡಿನ ಧ್ವನಿಗೆ ಏನೂ ಆಗಲ್ಲ, ಎಷ್ಟು ತಗ್ಗಿಸಬೇಕು ಇಲ್ಲಾ ಏರಿಸಬೇಕು ಅನ್ನೋ ಅಂಕಿ ಮಾತ್ರ ಟ್ಯಾಗ್‌ಗೆ ಸೇರುತ್ತೆ. ಪ್ಲೇಯರ್‌ನಲ್ಲಿ ಪ್ಲೇಬ್ಯಾಕ್ ಸೆಟ್ಟಿಂಗ್ಸ್, ರೀಪ್ಲೇಗೇನ್, ಅಲ್ಲಿ ಷಫಲ್ ಇದ್ದಾಗ ಟ್ರ್ಯಾಕ್ ಗೇನ್ ಅನ್ನೋದನ್ನ ಆರಿಸಿ. ಹರಿಕಥೆ ಫೋಲ್ಡರ್‌ಗೂ ಇದನ್ನ ಓಡಿಸಿ, ಬೇರೆ ಬೇರೆ ಕ್ಯಾಸೆಟ್‌ನಿಂದ ಬಂದ ಎ ಸೈಡ್ ಬಿ ಸೈಡ್ ಮಧ್ಯೆ ವಾಲ್ಯೂಮ್ ಏರಿಳಿತ ತುಂಬ ಕಡಿಮೆ ಆಗುತ್ತೆ.